ಸ್ವಲ್ಪ ಕಮ್ಮಿ

ಅಲ್ಲಿ ಬೇಡ ಮಾರಾಯ, ಆ ಸ್ಟೂಲಿನ ಕಾಲು ಅಲ್ಲಾಡ್ತದೆ! ಇಲ್ಲಿ ಕೂತ್ಕೊ, ಮಸೆಯುವ ಮಿಶಿನ್ ಹತ್ರ. ಮೊಣಕಾಲು ಚಾಚು... ಹಾಂ, ಹಾಗೆ. ಎಂತ ಹೇಳಿದೆ ನೀನೀಗ? ನಿನ್ನ ಸ್ಕೇಟು ಇನ್ನು ನನ್ನ ಹತ್ರವೇ ಇರ್ಲಿ ಅಂತಾ? ಐವತ್ತಾರು ವರ್ಷದ ಬ್ಯಾರಿಗೆ ಎಂತಕ್ಕೆ ಮಾರಾಯ ಐಸ್ ಹಾಕಿ ಆಟದ ಸ್ಕೇಟು? ನನ್ನ ಹೆಂಡ್ತಿ ಮೈಮೂನ ಅದರಲ್ಲಿ ಕಾಯಿ ತುರೀಬೇಕಾ?

ನಗುದೂ ಇಲ್ಲ ನೀನು. ಮೊದಲಾದ್ರೆ ನಗ್ತಿದ್ದೆ, ಎದುರಿನ ಎರಡು ಹಲ್ಲಿಲ್ಲದ ಬಾಯಿ ತೆರ್ದು.

ಇರು, ಚಾ ತರಿಸಿದ್ದೇನೆ. ಬೇಡ್ವಾ? ಸರಿ, ಎರಡೂ ನಾನೇ ಕುಡೀತೇನೆ. ಹೊರಗೆ ಗಲ್ಫಿನ ನಲವತ್ತಾರು ಡಿಗ್ರಿ, ಒಳಗೆ ರಿಂಕಿನ ಐಸು. ಇಪ್ಪತ್ತೆರಡು ವರ್ಷ ಹೀಗೆ ಒಳಗೆ ಹೊರಗೆ ಮಾಡಿದ್ರೆ ಮನುಷ್ಯನ ತಲೆ ಸರಿ ಇರ್ತದಾ ಹೇಳು... ಗಂಟೆ ಎಷ್ಟಾಯ್ತು? ನಾಲ್ಕೂವರೆಯಾ? ಐದಕ್ಕಲ್ವಾ ಆ ಪೋಲೆಂಡಿನ ಕೋಚ್ ಫೋನ್ ಮಾಡುದು?

ಯಾರು ಹೇಳಿದ್ದಾ? ನಿನ್ನ ಅಮ್ಮನೇ! ನಿನ್ನೆ ಉರ್ಸುಲಾ ಬಾಯಿ ಫೋನ್ ಮಾಡಿ ಅತ್ತದ್ದೇ ಅತ್ತದ್ದು. 'ಹಾಶಿಮಾಕ, ನೀವಾದ್ರೂ ಅವನಿಗೆ ಹೇಳಿ. ಆಪರೇಶನ್ ಚೆಂದ ಆಗಿದೆ ಅಂತ ಡಾಕ್ಟರು ಹೇಳ್ತಾರೆ, ಇವ ನನ್ನ ಕಾಲು ಖಲಾಸ್ ಅಂತಾನೆ. ಜನವರಿಗೆ ಬಾ ಅಂತ ಅವರು ಕರೀತಾರೆ, ಇವ ಒಲ್ಲೆ ಅಂತಾನೆ.' ಆ ಕೋಚಿಗೆ ಬೇಕಾದದ್ದು ಒಂದೇ ಉತ್ತರ ಅಂತೆ. ಮಾರ್ಚಿನ ಆ ಮ್ಯಾಚಲ್ಲಿ ನಿನ್ನ ಕಾಲು ತಾನಾಗಿ ಕೈಕೊಟ್ಟದ್ದಾ, ಅಲ್ಲ ಬೇರೆ ಎಂತಾದ್ರೂ ಆದದ್ದಾ? ನೀನು ತಾನಾಗಿ ಅಂತ ಹೇಳ್ಲಿಕ್ಕೆ ಹೊರಟವ. ಹೇಳಿದ್ರೆ ಮುಗೀತು. ಇಪ್ಪತ್ತೊಂಬತ್ತನೇ ವರ್ಷಕ್ಕೆ ಆಟ ಮುಗೀತು!

ತಲೆ ಆಡಿಸ್ಬೇಡ. ಕೇಳು ಸ್ವಲ್ಪ.

ನೀನು ಮೊದಲ ಸಲ ಈ ಬಾಗಿಲಲ್ಲಿ ನಿಂತದ್ದು ನೆನಪುಂಟಾ? ಏಳು ವರ್ಷದ ಹುಡುಗ. ನಾನು ಮುಸಫಾದ ಲೇತ್ ವರ್ಕ್‌ಶಾಪ್ ಬಿಟ್ಟು ಇಲ್ಲಿಗೆ ಸೇರಿ ಒಂದು ತಿಂಗಳೂ ಆಗಿರ್ಲಿಲ್ಲ. ಬಾಡಿಗೆ ಸ್ಕೇಟು, ಒಳಗೆ ಎರಡೆರಡು ಸಾಕ್ಸು. 'ಅಂಕಲ್, ಮೈ ಸ್ಕೇಟ್ಸ್ ಆರ್ ಟೂ ಸ್ಲಿಪರಿ' ಅಂದೆ. ನಾನು ಎಂತ ಹೇಳಿದೆ? ಈ ಬಾಗಿಲು ದಾಟಿದ್ರೆ ಇಂಗ್ಲಿಷ್ ಮಾಫಿ, ಇಲ್ಲವೇ ಇಲ್ಲ! ಕನ್ನಡದಲ್ಲಿ ಹೇಳು ಪೊರ್ಬು, ಇಲ್ಲದಿದ್ರೆ ಮಸೆದು ಕೊಡುದಿಲ್ಲ. ನನ್ನದು ಬ್ಯಾರಿ ಭಾಷೆ, ನೀವು ಪೊರ್ಬುಗಳದ್ದು ಕೊಂಕಣಿ, ನಮ್ಮಿಬ್ರ ನಡುವೆ ಇರುದು ಅದೊಂದೇ ಅಲ್ವಾ. ನೀನು ಇಲ್ಲೇ ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಲ್ಲಿ ಬೆಳೆದವ, ಊರಿಗೆ ಹೋದ್ರೆ ವರ್ಷಕ್ಕೆ ಇಪ್ಪತ್ತು ದಿವಸ. ಆದ್ರೂ ಹೇಳಿದೆ: 'ಹಾಶಿಮಾಕ, ಸ್ಕೇಟು ಜಾರುತ್ತೆ ಜಾಸ್ತಿ, ಹಿಡಿಯುತ್ತೆ ಇಲ್ಲ.' ಹಿಡಿಯುತ್ತೆ ಇಲ್ಲ! ನಾನು ಒಂದು ವಾರ ನೆನೆಸಿ ನೆನೆಸಿ ನಗಾಡಿದ್ದೇನೆ.

ಆಮೇಲೆ ಸ್ಲೊವಾಕಿಯಾಕ್ಕೆ ಹೋದೆ, ಹತ್ತೊಂಬತ್ತಕ್ಕೆ. ಬಜ್ಪೆಯ ನಿನ್ನ ಮಾವನಿಗೆ ಕೊನೇವರೆಗೂ ಅರ್ಥ ಆಗ್ಲಿಲ್ಲ. 'ಆಡ್ಲಿಕ್ಕೆ ಸಂಬಳವಾ? ಯಾವ ಕಂಪನಿ ಅದು? ಗ್ರಾಚ್ಯುಟಿ ಉಂಟಾ?' ಏಳು ವರ್ಷ ಅಲ್ಲಿ ಬಸ್ಸಲ್ಲಿ ಮಲಗಿ, ಹಲ್ಲು ಉದುರಿಸಿಕೊಂಡು, ಇಲ್ಲಿ ಸಂಬಳದ ಟೀಮು ಆಯ್ತು ಅಂತ ವಾಪಸ್ ಬಂದೆ. ಬಂದ ದಿವಸ ಮನೆಗೂ ಹೋಗದೆ ಬ್ಯಾಗ್ ಸಮೇತ ಸೀದಾ ಇಲ್ಲಿಗೆ! 'ಹಾಶಿಮಾಕ, ಅಲ್ಲಿ ಯಾರಿಗೂ ಮಸೀಲಿಕ್ಕೆ ಬರುದಿಲ್ಲ' ಅಂದೆ. ಸುಳ್ಳು ಅಂತ ನನಗೆ ಗೊತ್ತುಂಟು. ಆದ್ರೂ ಆ ದಿವಸ ನಾನು ಊಟ ಮಾಡ್ಲಿಲ್ಲ, ಹೊಟ್ಟೆ ತುಂಬಿತ್ತು.

ಈಗ ಯಾಕೆ ಆ ಸ್ಕೇಟು ತೆಗ್ದೆ? ಇಡು ಅಲ್ಲೇ ಶೆಲ್ಫಲ್ಲಿ. ನಾಲ್ಕು ತಿಂಗಳ ಧೂಳುಂಟು ಅದ್ರಲ್ಲಿ. ಸರಿ, ನೋಡು, ನೋಡು. ನಿನ್ನದೇ ಅಲ್ವಾ.

ಉರ್ಸುಲಾ ಬಾಯಿ ಒಮ್ಮೆ ಕೇಳಿದ್ರು, ಇದನ್ನು ಮೀನು ಕೊಯ್ಯುವ ಕತ್ತಿಯ ಹಾಗೆ ಮಸೆಯುದಾ ಅಂತ. ಅಲ್ಲ ಬಾಯಿ, ಬ್ಲೇಡಿನ ಅಡಿಗೆ ಉದ್ದಕ್ಕೆ ಒಂದು ಸಣ್ಣ ಗುಳಿ ಕೊರೀಬೇಕು ಅಂದೆ. ಗುಳಿ ಆಳ ಆದಷ್ಟು ಐಸನ್ನು ಕಚ್ಚಿ ಹಿಡೀತದೆ, ಆಳ ಕಮ್ಮಿ ಆದಷ್ಟು ಜಾರ್ತದೆ. ಅದರ ಇಂಚಿನ ನಂಬರು ಮಾತ್ರ ಉಲ್ಟಾ. ನಂಬರ್ ಸಣ್ಣದಾದ್ರೆ ಗುಳಿ ಆಳ, ಹಿಡಿತ ಜಾಸ್ತಿ. 'ಎಂತ ಹುಚ್ಚು ಲೆಕ್ಕ ಇದು!' ಅಂದ್ರು ನಿನ್ನ ಅಮ್ಮ. ಹೌದು ಬಾಯಿ, ಹುಚ್ಚು ಲೆಕ್ಕವೇ... ನಿನ್ನದು ಯಾವಾಗ್ಲೂ ಅರ್ಧ ಇಂಚು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೇನೆ, ಫ್ಲಾಯ್ಡಿಗೆ ಅರ್ಧ ಇಂಚು.

ಅದಲ್ಲ ವಿಷಯ. ವಿಷಯ ಎಂತ ಅಂದ್ರೆ, ಆ ದಿವಸ ಐಸು ಸರಿ ಇರ್ಲಿಲ್ಲ. ಜನ ತುಂಬಿ ಬಾಗಿಲು ತೆರ್ದೇ ಇತ್ತು, ಐಸು ಮೆತ್ತಗೆ. ಫೋನಲ್ಲಿ ಅದನ್ನೇ ಹೇಳು! ಐಸು ಹಾಳು ಇತ್ತು, ಕಾಲು ಸಿಕ್ಕಿಬಿತ್ತು. ಯಾಕೆ, ಹೇಳ್ಲಿಕ್ಕೆ ಆಗುದಿಲ್ವಾ? ಉಳಿದ ಇಪ್ಪತ್ತು ಜನ ಅದೇ ಐಸಲ್ಲಿ ಆಡಿದ್ರು ಅಂತೀಯಾ?

ಹೌದು. ಆಡಿದ್ರು.

ಗೊತ್ತುಂಟು, ನೀನು ಹಾಗೆ ಹೇಳುವ ಜಾತಿ ಅಲ್ಲ. ಕುಣೀಲಿಕ್ಕೆ ಬಾರದವಳು ನೆಲ ಡೊಂಕು ಅಂದ ಹಾಗೆ ಇಲ್ಲಿ ಎಲ್ರೂ ಐಸು ಡೊಂಕು ಅಂತಾರೆ, ನೀನೊಬ್ಬ ಅಂದದ್ದಿಲ್ಲ. ಆಸ್ಪತ್ರೇಲಿ ನಾನು ಬಂದಾಗ್ಲೂ ನಿನ್ನದೇ ತಪ್ಪು ಅಂದೆ. 'ನಾನು ತಿರುಗಿದೆ ಹಾಶಿಮಾಕ, ಕಾಲು ತಿರುಗಿತು ಇಲ್ಲ. ಅಲ್ಲೇ ನಿಂತಿತು.' ಅಲ್ಲೇ ನಿಂತಿತು... ನಾನು ಹೊರಗೆ ಹೋಗಿ ಲಿಫ್ಟಿನ ಹತ್ರ ನಿಂತದ್ದು, ಎಷ್ಟು ಲಿಫ್ಟ್ ಬಂದು ಹೋಯ್ತೋ, ಹತ್ತಲೇ ಇಲ್ಲ.

ಮಿಶಿನ್ ಆನ್ ಮಾಡ್ಲಾ? ಇಲ್ಲ, ಸುಮ್ನೆ. ಕೈಗೆ ಎಂತಾದ್ರೂ ಕೆಲ್ಸ ಬೇಕು.

ಎಂತ ನೋಡ್ತಾ ಇದ್ದಿ ಅಷ್ಟು ಹತ್ರದಿಂದ? ಸ್ಕೇಟಿನ ಹಿಮ್ಮಡಿಯಲ್ಲಿ ಎಂತ ಉಂಟು? ಓ, ಟೇಪು. ನಾನು ನಂಬರ್ ಬರ್ದು ಅಂಟಿಸುವ ಬಿಳಿ ಟೇಪು. ಇಲ್ವಾ? ಬಿದ್ದಿರ್ಬೇಕು. ಗೋಂದು ಒಣಗಿ ಬೀಳ್ತದೆ ಕೆಲವು ಸಲ... ಎರಡರಲ್ಲೂ ಇಲ್ವಾ? ಎರಡೂ ಬಿದ್ದಿರ್ಬೇಕು.

ಹಾಗೆ ನೋಡ್ಬೇಡ ನನ್ನನ್ನು.

ನನಗೆ ಒಂಬತ್ತು ಜೊತೆ ಮಸೀಲಿಕ್ಕಿತ್ತು ಆ ದಿವಸ. ಮ್ಯಾನೇಜರ್ ಇಲ್ಲೇ ನಿಂತು ಯಲ್ಲಾ ಯಲ್ಲಾ, ಬೇಗ ಬೇಗ ಅಂತ ತಲೆ ತಿಂತಿದ್ದ. ನೀನು ಬಂದೆ, ಸ್ಕೇಟು ಇಟ್ಟೆ, 'ಹಾಶಿಮಾಕ, ಇವತ್ತು ಸ್ವಲ್ಪ ಕಮ್ಮಿ ಮಾಡಿ' ಅಂದೆ, ಹೋದೆ. ಅಷ್ಟೇ. ನಾನು ಮಾಡಿದೆ. ಆಮೇಲೆ ನೀನು ಸೀದಾ ಮ್ಯಾಚಿಗೆ ಹೋದೆ, ನನ್ನ ಹತ್ರ ಬರ್ಲಿಲ್ಲ, ಎಂತ ಕೂಡ ಹೇಳ್ಲಿಲ್ಲ...

ಬಂದಿದ್ಯಾ?

ಬಂದಿದ್ದೆ ಅಂತಾದ್ರೂ ಹೇಳು, ಇಲ್ಲ ಅಂತಾದ್ರೂ ಹೇಳು!

ನೀನು ಬಂದಿದ್ದೆ. ಹೌದು. ವಾರ್ಮಪ್ ಮುಗ್ಸಿ, ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು, ಇದೇ ಬಾಗಿಲಲ್ಲಿ ನಿಂತದ್ದು. 'ಬ್ಲೇಡು ಹಿಡಿಯುತ್ತೆ ಜಾಸ್ತಿ' ಅಂದೆ. ನಾನು ಎಂತ ಹೇಳಿದೆ, ಅದನ್ನೂ ಮರ್ತಿಲ್ಲ ಅಲ್ವಾ ನೀನು? ಮೆತ್ತಗಿನ ಐಸು ಮಾರಾಯ, ನಿನ್ನ ಭ್ರಮೆ, ಯಲ್ಲಾ ಹೋಗು ಅಂದೆ. ಐಸು ಡೊಂಕು ಅಂದದ್ದು ನಾನು, ಫ್ಲಾಯ್ಡ್. ನಾನು.

ನೀನು ಹಾಗಂದ ಕೂಡ್ಲೇ ನನಗೆ ಹೊಳೀತು. ನೀನು ಕೇಳಿದ್ದು ಹಿಡಿತ ಕಮ್ಮಿ, ಅಂದ್ರೆ ನಂಬರ್ ಏರಿಸಿ ಐದು ಬೈ ಎಂಟು. ನಾನು ನಂಬರ್ ಕಮ್ಮಿ ಮಾಡಿದೆ. ಮೂರು ಬೈ ಎಂಟು. ಮೆತ್ತಗಿನ ಐಸಿಗೆ ಕಚ್ಚಿ ಹಿಡಿಯುವ ಮೂರು ಬೈ ಎಂಟು! ಹೊಸಬನೂ ಮಾಡುದಿಲ್ಲ. ನೀನು ಇಂಗ್ಲಿಷಲ್ಲಿ ಹೇಳಿದ್ರೆ ಆ ತಪ್ಪು ಆಗ್ತಿರ್ಲಿಲ್ಲ ಮಗ. ಉಳಿದವರೆಲ್ಲ ಇಂಗ್ಲಿಷಲ್ಲೇ ನಂಬರ್ ಹೇಳಿ ಹೋಗುದು. ನೀನೊಬ್ಬ, ನನ್ನ ಮಾತು ಉಳಿಸ್ಲಿಕ್ಕೆ, ಏಳನೇ ವಯಸ್ಸಿಂದ ಇವತ್ತಿನವರೆಗೆ ಆ ಹರ್ಕು ಕನ್ನಡ... ನಾನೇ ಕಲಿಸಿದ್ದಲ್ವಾ!

ಇನ್ನೂ ಹತ್ತು ನಿಮಿಷ ಇತ್ತು ಮ್ಯಾಚಿಗೆ. ಎರಡು ಸ್ಕೇಟು ಸರಿ ಮಾಡ್ಲಿಕ್ಕೆ ಐದು ನಿಮಿಷ ಸಾಕು. ಆದ್ರೆ ಮ್ಯಾನೇಜರ್ ಎದುರು, ಆ ಸಾಲಲ್ಲಿ ನಿಂತ ಬಿಳಿಯರ ಎದುರು, ತಪ್ಪಾಯ್ತು ಅನ್ಲಿಕ್ಕೆ ಬಾಯಿ ಬರ್ಲಿಲ್ಲ. ಅಷ್ಟು ವರ್ಷದಲ್ಲಿ ಒಂದು ಕಂಪ್ಲೇಂಟ್ ಇಲ್ಲ ಅಂತ ಎದೆ ಉಬ್ಬಿಸಿ ತಿರುಗಿದವ. ವೀಸಾದ ಹೆದ್ರಿಕೆ ಅಂತ ಮೈಮೂನಳಿಗೆ ಹೇಳಿದ್ದೇನೆ. ವೀಸಾ ಅಲ್ಲ, ಮರ್ಯಾದೆ.

ಆಮೇಲೆ ನಿನ್ನನ್ನು ಸ್ಟ್ರೆಚರಲ್ಲಿ ತಂದ್ರು. ಸ್ಕೇಟು ಬಿಚ್ಚಿ ನನ್ನ ಕೈಗೆ ಕೊಟ್ರು. ನಿನ್ನ ಅಮ್ಮ ಅಲ್ಲೇ ಅಳ್ತಿದ್ರು, ನಾನು ಇಲ್ಲಿ ಬಂದು ಮೊದಲು ಮಾಡಿದ ಕೆಲ್ಸ ಎಂತ ಗೊತ್ತುಂಟಾ... ಟೇಪು ಕಿತ್ತದ್ದು.

ಬಿಸಾಡ್ಲಿಕ್ಕೆ ಕೈ ಬರ್ಲಿಲ್ಲ. ಇಲ್ಲಿ, ಪರ್ಸಲ್ಲಿ, ಐಡಿ ಕಾರ್ಡಿನ ಹಿಂದೆ ಉಂಟು. ತಗೊ. ನನ್ನದೇ ಅಕ್ಷರ, ನೋಡು, ಮೂರು ಬೈ ಎಂಟು, ತಾರೀಕು ಸಮೇತ. ನಿನ್ನ ಕಾಲು ಸರಿ ಉಂಟು ಮಗ! ಅವತ್ತೂ ಸರಿ ಇತ್ತು. ಕಾಲು ಕೈಕೊಟ್ಟದ್ದಲ್ಲ, ನಾನು ಕೊಟ್ಟದ್ದು. ಆ ಕೋಚಿಗೆ ನನ್ನ ಹೆಸರು ಹೇಳು, ಹಾಶಿಮ್ ಅಂತ ಒಬ್ಬ ಬ್ಯಾರಿ ತಪ್ಪು ಮಸೆದ ಅಂತ. ಬೇಕಾದ್ರೆ ಫೋನ್ ನನಗೆ ಕೊಡು, ನಾನೇ ಹೇಳ್ತೇನೆ.

ಫೋನು... ನಿನ್ನದೇ ಹೊಡ್ಕೊಳ್ತಾ ಉಂಟು. ಎತ್ತು. ಎತ್ತು ಮಾರಾಯ, ಐದಾಯ್ತು!

ಹಾಗೆ ಟೇಪು ಹಿಡ್ಕೊಂಡು ಕೂತ್ಕೊಳ್ಬೇಡ. ಎಂತಾದ್ರೂ ಹೇಳು, ಫ್ಲಾಯ್ಡ್. ಇಂಗ್ಲಿಷಲ್ಲಿ ಬೈ. ಇವತ್ತು ಇಂಗ್ಲಿಷಲ್ಲೇ ಬೈ.