ಹಂಚಿನಡಿಯ ಫೋಮು

ಅಂಕೋಲೆಯಿಂದ ಕಾರವಾರಕ್ಕೆ ಹೊರಟ ಬಸ್ಸಿನಲ್ಲಿ ಮಾನಸಾಳ ಮುಂದಿನ ಸೀಟಿಗೆ ಅಕ್ಕ ತಮ್ಮ ಬಂದು ಕೂತರು. ಅಕ್ಕನ ಕಾಲ ಬಳಿ ಖಾಲಿ ಮೀನುಬುಟ್ಟಿ. ಕೂತದ್ದೇ ಜಗಳ ಶುರುವಾಯಿತು. ಮಾನಸಾ ಕೇಳದೆ ಇರುವ ಹಾಗಿರಲಿಲ್ಲ.

“ಹಂಚು ತೆಗ್ದು ಕೈಯಾಡ್ಸೂಕೆ ನಿನ್ನೆ ಕೆಲಸದ ಪುಟ್ಟು ಆಯಿ ಮನೆ ಮಾಡು ಹತ್ತಿದ್ದ, ಕಿಶನ. ಒಂದು ಹಂಚೂ ಎದ್ದು ಬರ್ಲಿಲ್ಲ. ನಿನ್ನ ಫೋಮು ಎಲ್ಲಾ ಅಂಟಿಸಿ ಇಟ್ಟದೆ.”

“ಆಯಿಗೆ ಸೆಕೆ ತಡೀತಿರ್ಲಿಲ್ಲ ಅಕ್ಕಾ. ಅದ್ಕೇ ಹಂಚಿನಡಿಗೆ ಫೋಮು ಹೊಡೆಸಿದ್ದು.”

“ಜೋರಾಗಿ ಎಳೆದ್ರೆ ಹಂಚು ಒಡೀತು. ಅಡಿಯ ಪಕಾಸಿ ಮರ ಕೈಯಲ್ಲೇ ಹಿಟ್ಟಾಯ್ತು.”

“ಎರಡು ಮಳೆಗಾಲ ಒಂದು ಹನಿ ಸೋರ್ಲಿಲ್ಲಲ್ಲ?”

“ಸೋರ್ದೇ ಇದ್ದ ನೀರು ಎಲ್ಲಿಗೆ ಹೋಯ್ತು? ನಿನ್ನ ಫೋಮು ಹಿಡಿದಿಟ್ಟು ಮರಕ್ಕೆ ಕುಡಿಸ್ತು. ಸೋರೂದಿಲ್ಲ ಹೇಳಿ ನಾವೂ ಎರಡು ವರ್ಷ ಮಾಡು ಹತ್ತಿ ನೋಡ್ಲಿಲ್ಲ. ಸೋರಿದ್ರೆ ಗೊತ್ತಾದ್ರೂ ಆಗ್ತಿತ್ತು.”

“ಫೋಮು ಹೊಡೆದವನಿಗೆ ಫೋನ್ ಮಾಡ್ದೆ. ಇನ್ನೊಂದು ಕೋಟು ಹೊಡೆದ್ರೆ ಗಟ್ಟಿಯಾಗ್ತದಂತೆ.”

ಬಸ್ಸು ಕಾರವಾರ ಸ್ಟ್ಯಾಂಡಿನಲ್ಲಿ ನಿಂತಿತು. ಕಿಶನ ಬುಟ್ಟಿ ಎತ್ತಿಕೊಡಲು ಕೈ ಹಾಕಿದ. ಅಕ್ಕ ಅದನ್ನು ಕಸಿದುಕೊಂಡು ಎದ್ದಳು.

“ಕರಿ ಅವನನ್ನ. ಕೋಟು ಹೊಡೀಲಿಕ್ಕೆ ಅಲ್ಲ. ಆ ಹಿಟ್ಟಾದ ಪಕಾಸಿ ಅಡಿಗೆ, ಆಯಿ ಹಾಸಿಗೆ ಮೇಲೆ ಒಂದು ಮಳೆ ರಾತ್ರಿ ಮಲಗೂಕೆ.”

ಕೋಡಿಬಾಗದ ಬಸ್ಸಿನ ಕಡೆ ಅವಳು ತಿರುಗಿ ನೋಡದೆ ನಡೆದಳು.