ರಾಣಿ ರೂಪಾಯಿ ಸರ

ಕಮಲಾಪುರದಲ್ಲಿ ಆ ಸಂಜೆ ಹಿಡಿದ ಮಳೆ ಬಿಡಲಿಲ್ಲ. ಕರೆಂಟು ಹೋಗಿತ್ತು. ಮೈದುನನ ಮೊಮ್ಮಕ್ಕಳು ಬಾಗಿಲ ಹತ್ತಿರ ಕಂದೀಲು ಇಟ್ಟುಕೊಂಡು, ದೆವ್ವದ ಕತೆ ಬೇಕೆಂದು ಭಾಗಮ್ಮನಿಗೆ ಗಂಟುಬಿದ್ದರು. ಎಂಬತ್ತು ದಾಟಿದ ಮುದುಕಿಗೆ ದೆವ್ವ ಎನ್ನುವ ಮಾತೇ ಸೇರದು. ಆದರೂ ತೀರಿಹೋದ ಗಂಡನ ಸುದ್ದಿ ಯಾರ ಮುಂದಾದರೂ ಹೇಳಬೇಕೆಂಬ ಆಸೆ ಇವತ್ತು ಮನಸ್ಸು ತುಂಬಿ ಬಂದಿತ್ತು. ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಶುರುಮಾಡಿದಳು.

“ನಿಜಾಮನ ರಾಜ್ಯ ಅದು... ಎಲ್ಲರೂ ನಿಜಾಮನ ರೊಕ್ಕ, ಹಾಲಿ ಸಿಕ್ಕಾ ಹಿಡಕೊಂಡು ತಿರಗತಿದ್ರ, ನಮ್ಮ ಮನಿಯವರಿಗಿ ಇಂಗ್ರೇಜರ ಹಳೀ ಬೆಳ್ಳಿ ರೂಪಾಯಿದ ಹುಚ್ಚು. ಅದರಾಗೂ ರಾಣಿ ಮಾರಿ ಇದ್ದದ್ದೇ ಆಗಬೇಕು! ಸಿಕ್ಕಿದ್ದಕ್ಕ ಇಬತ್ತಿ ಬೂದಿ ಹಚ್ಚಿ ತಿಕ್ಕಿ, ನನ್ನ ಕಿವಿ ಹಂತ್ಯಾಕ ತಂದು ಠಣ್ ಅನಸ್ತಿದ್ರು. ಈ ಹುಚ್ಚು ಹಚ್ಚಿದವರು ಯಾರು ಹೇಳ್ರಿ? ನಾನೇ! ಲಗ್ನ ಆಗಿ ಬಂದಾಗ ನಾದನಿಗೋಳು ಇದೇ ಬಾಗಲಾ ಅಡ್ಡಗಟ್ಟಿ, ‘ಒಡಪು ಹಾಕಿ ಗಂಡನ ಹೆಸರು ಹೇಳು, ಆಮ್ಯಾಲ ಒಳಗ ಬಾ’ ಅಂದ್ರು. ನಾಚಿಕಿಗಿ ನನ್ನ ಬಾಯೇ ಏಳಲಿಲ್ಲ. ನಮ್ಮ ಮನಿಯವರೇ ನಕ್ಕು, ‘ರಾಣಿ ರೂಪಾಯಿ ಸರಾ ಮಾಡಿಸಿ ಹಾಕ್ತೀನಿ, ಅವತ್ತ ಹೇಳ್ತಾಳ ಬಿಡ್ರಿ’ ಅಂದ್ರು. ನಾ ಹೂಂ ಅಂದೆ...

ಪೊಲೀಸ್ ಆಕ್ಷನ್ ಆದ ವರ್ಷ, ಸರಕ್ಕ ಒಂದೇ ರೂಪಾಯಿ ಕಮ್ಮಿ ಬಿತ್ತು. ಊರೂರಾಗ ಗದ್ಲ, ಹೋಗಬ್ಯಾಡ್ರಿ ಅಂದ್ರ ಕೇಳಿದ್ರೇನು? ಕಲಬುರ್ಗಿಗಿ, ಬೆಳ್ಳಿ ಬಂಗಾರ ಮಾರೂ ಸರಾಫ ಮಕ್ಸೂದ ಸಾಹೇಬರ ಅಂಗಡಿಗಿ ಹ್ವಾದ್ರು. ಓಡಿ ಹೋಗಿ ಕೂಗಿ ನಿಲ್ಲಸಬೇಕು ಅನಸ್ತು... ಗಂಡನ ಹೆಸರು ಹಿಡದು ಹ್ಯಾಂಗ ಕೂಗ್ಲಿ? ಎಂಟು ದಿನಕ್ಕ ಮಕ್ಸೂದ ಸಾಹೇಬರೇ ಅಳಕೋತ ಬಂದ್ರು. ರೂಪಾಯಿ ತೊಗೊಂಡು ಹೊಂಟವರಿಗಿ ಹಾದ್ಯಾಗ ಗುಂಡು ಬಿತ್ತಂತ, ಯಾರದೋ ಏನೋ. ನಿಂತು ಮಣ್ಣ ಮಾಡಿಸಿದೆ ಅಂದ್ರು.

ಅವತ್ತ ಸಂಜಿಕ, ಇಂಥಾದೇ ಮಳಿ... ಬಾಗಲಾ ತೆಗದ್ರ ಹೊಸ್ತಿಲ ಮ್ಯಾಲ ಒಂದು ರಾಣಿ ರೂಪಾಯಿ! ಹೊರಗ ಅವರು, ತೊಯ್ಸಿಕೊಂಡು ನಿಂತು ನಗಾಕತ್ತಾರ. ‘ಈಗರೆ ನನ್ನ ಹೆಸರು ಹೇಳು’ ಅಂದ್ರು. ಬಾಯಿ ತೆಗದೆ... ಹೇಳಲಿಲ್ಲ.”

ದೊಡ್ಡ ಹುಡುಗಿ ಶಂಕ್ರಮ್ಮನ ಕಣ್ಣು ತುಂಬಿದ್ದವು. “ಯಾಕ ಆಯಿ? ಹೆಸರು ಹೇಳಿದ್ರ ಆಸೆ ತೀರಿ ಶಾಂತಿ ಸಿಗತಿತ್ತಲ್ಲ ಅವರಿಗಿ?”

“ಸಿಗತಿತ್ತವ್ವಾ. ಶಾಂತಿ ಸಿಕ್ಕು ಹೋಗಿಬಿಡತಿದ್ರು. ಈಗಾದ್ರ ಮಳಿ ಹಿಡದಾಗೊಮ್ಮೆ ಬರ್ತಾರ... ಪಾಪ ಬಂದ್ರ ಬರ್ಲಿ, ನಾ ಹೇಳಾಂಗಿಲ್ಲ.”

ಭಾಗಮ್ಮ ಸೆರಗು ಸರಿಮಾಡಿಕೊಂಡು, ಮಕ್ಕಳನ್ನು ಹೊಸ್ತಿಲಿನಿಂದ ಈಚೆ ಎಳೆದುಕೊಂಡಳು. ಆ ಸುಕ್ಕು ಮುಖದಲ್ಲಿ ಮದುಮಗಳ ನಾಚಿಕೆ ಇತ್ತು.

“ಎಷ್ಟ ಸಲ ಹೇಳೀನಿ, ಹುಡುಗೋರ ಮುಂದ ಕೇಳಬ್ಯಾಡ್ರಿ ಅಂತ...” ಎಂದಳು, ಹೊರಗಿನ ಕತ್ತಲೆಯ ಕಡೆ ತಿರುಗಿ.