ಕಾಡಿಗೆ ತೊಟ್ಟಿಯ ಬಣ್ಣದಾಮೆ

ಇದ್ದಳಂತೆ ಒಬ್ಬ ರಾಣಿ. ಯಾವ ಊರು ಅಂತ ಕೇಳಬೇಡಿ, ನಾನು ತಿರುಗಿದ ಊರುಗಳಲ್ಲೆಲ್ಲ ಅವಳಂಥವಳು ಒಬ್ಬಳು ಸಿಕ್ಕಿದ್ದಾಳೆ. ಅವಳ ಅಂಗಳದ ಬಿಳಿಕಲ್ಲಿನ ತೊಟ್ಟಿಯಲ್ಲಿ ಒಂದು ಬಣ್ಣದಾಮೆ. ಕತ್ತಿನ ಮೇಲೆ ಹಳದಿ ಗೆರೆ, ಚಿಪ್ಪಿನ ಅಂಚಿಗೆ ಕೆಂಪು ಗೆರೆ, ಯಾರೋ ಕೂತು ರಂಗೋಲಿ ಎಳೆದ ಹಾಗೆ. ಅದನ್ನು ನೋಡಿಕೊಳ್ಳುವವಳು ದ್ಯಾವಕ್ಕ.

ಬಂದವರೆಲ್ಲ ಆಮೆಯನ್ನು ಹೊಗಳೋರು. ರಾಣಿಗೆ ಹೆದರಿಕೆ ಹತ್ತಿತು. ದೃಷ್ಟಿಯಾದರೆ? ಐದು ವರ್ಷದ ಮಗಳಿಗೇ ಕೆನ್ನೆ ಮೇಲೆ ಕಾಸಗಲ ಕಾಡಿಗೆ ಬೊಟ್ಟಿಟ್ಟು, ಪರದೆಯೊಳಗೆ ಕೂರಿಸಿದ್ದ ತಾಯಿ ಅವಳು. ಆಮೆಯನ್ನು ಬಿಟ್ಟಾಳೆಯೇ? ಅದರ ಮೈಗೆ ಬೊಟ್ಟಿಟ್ಟರೆ ನೀರಿಗೆ ತೊಳೆದುಹೋಗುತ್ತೆ. ಅದಕ್ಕೆ ತೊಟ್ಟಿಯ ಒಳಗೆಲ್ಲ ಕಾಡಿಗೆ ಬಳಿಸಿದಳು. ಮೇಲೆ ಕಂಬಳಿ ಕಟ್ಟಿಸಿದಳು.

ಕೇಳಿ. ಒಂದು ತಿಂಗಳಿಗೆ ಹಳದಿ ಮಂಕಾಯಿತು. ಎರಡು ತಿಂಗಳಿಗೆ ಕೆಂಪು ಮಂಕಾಯಿತು. ಮೂರು ತಿಂಗಳಿಗೆ ಆಮೆ ಇದ್ದಿಲಿನ ತುಂಡು.

"ನನ್ನ ಆಮೆಯನ್ನು ಯಾರಿಗೋ ಕೊಟ್ಟು, ಕೆರೆಯಾಮೆ ತಂದು ಬಿಟ್ಟಿದ್ದೀಯ," ಅಂದಳು ರಾಣಿ.

"ಇಲ್ಲ ತಾಯಿ, ಇದು ಅದೇ."

"ಮೂರು ಅಮಾವಾಸ್ಯೆ ಗಡುವು. ನನ್ನ ಆಮೆ ಬರದಿದ್ದರೆ ನೀನು ಹೊಳೆಯಾಚೆ. ಮತ್ತೆ ಈ ಸೀಮೆಗೆ ಕಾಲಿಡಬಾರದು."

ಆಗ ಬಂದಳು, ಊರೂರು ತಿರುಗಿ ಹಚ್ಚೆ ಹಾಕುವ ಅಜ್ಜಿ. ದ್ಯಾವಕ್ಕನ ಗೋಳು ಕೇಳಿ, ಕಂಬಳಿ ಎತ್ತಿ ಬಗ್ಗಿ ನೋಡಿದಳು.

"ಅಲ್ಲವೇ ಮಗಳೇ, ಮಸಿಗುಂಡಿಯಲ್ಲಿ ಕೂರಿಸಿ ಬಣ್ಣ ಕೇಳ್ತೀರಲ್ಲ. ಈ ಜಾತಿ ಆಮೆ ನೆಲ ನೋಡಿ ಮೈ ಬದಲಿಸುತ್ತೆ. ಕಪ್ಪಿನಲ್ಲಿಟ್ಟರೆ ಕಪ್ಪು, ಬಿಳುಪಿನಲ್ಲಿಟ್ಟರೆ ತಿಳಿಬಣ್ಣ. ಬೂದಿ ಹಾಕಿ ತೊಟ್ಟಿ ಉಜ್ಜು. ನೀರು ಬದಲಿಸು. ಬಿಸಿಲಿಗೆ ಹತ್ತಿ ಕೂರೋಕೆ ಒಂದು ಕಲ್ಲಿಡು."

"ರಾಣಿಯವರು ಒಪ್ಪಬೇಕಲ್ಲ ಅಜ್ಜಿ?"

"ಹೇಗೂ ಓಡಿಸ್ತಾಳೆ. ಉಜ್ಜಿಯೇ ಹೋಗು."

ದ್ಯಾವಕ್ಕ ಉಜ್ಜಿದಳು. ಕಂಬಳಿ ಬಿಚ್ಚಿದಳು. ರಾಣಿ ಹಲ್ಲು ಕಡಿದಳು, ಆದರೆ ಗಡುವು ಕೊಟ್ಟ ಬಾಯಿ, ಸುಮ್ಮನಿರಬೇಕಾಯಿತು.

ಮೊದಲ ಅಮಾವಾಸ್ಯೆ. "ನನ್ನ ಆಮೆ ಬಂತೇ?"

"ಕಲ್ಲು ಹತ್ತಿದೆ ತಾಯಿ."

ಎರಡನೆಯ ಅಮಾವಾಸ್ಯೆ. "ಬಂತೇ?"

"ಸೊಪ್ಪು, ಮೀನು ತಿಂತಿದೆ ತಾಯಿ."

ಮೂರನೆಯ ಅಮಾವಾಸ್ಯೆಗೆ ರಾಣಿ ಕೇಳಲಿಲ್ಲ. ತಾನೇ ಬಂದು ನೋಡಿದಳು. ಆಮೆ ಹಿಂಗಾಲು ಚಾಚಿಕೊಂಡು ಬಿಸಿಲಿಗೆ ಮೈ ಕಾಯಿಸುತ್ತಿದೆ. ಕತ್ತಿಗೆ ಹಳದಿ, ಅಂಚಿಗೆ ಕೆಂಪು.

"ಇದೇ ನನ್ನ ಆಮೆ," ಅಂದಳು.

ದ್ಯಾವಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. "ಯಾವತ್ತೂ ಇದೇ ತಾಯಿ," ಅಂದಳು.

ರಾಣಿ ಒಳಗೆ ಹೋಗಿ ಪರದೆ ಎಳೆದು ತೆಗೆದಳು. ಬಿಳುಚಿಕೊಂಡ ಮಗಳನ್ನು ಎತ್ತಿ ತಂದು, ಸೆರಗಿನಿಂದ ಕೆನ್ನೆ ಒರೆಸಿ, ಅಂಗಳಕ್ಕೆ ಇಳಿಸಿದಳು.

"ಇವಳಿಗೂ ಒಂದು ಕಲ್ಲು ಹಾಕು ದ್ಯಾವಕ್ಕ."

ಆಮೆ ಒಂದು ಕಲ್ಲಿನ ಮೇಲೆ, ಮಗು ಇನ್ನೊಂದರ ಮೇಲೆ. ಕಥೆ ನಿಮ್ಮ ಮಡಿಲಿಗೆ, ನಾನು ಪಕ್ಕದ ಊರಿಗೆ.